ಕುರಿ ಹತ್ತದ ತೂಕದ ಮಿಷನ್ನು

ಯಲ್ದೂರಿನ ಆಚೆ ನನ್ನ ಅಕ್ಕ, ಭಾವ ಮಾವಿನ ತೋಟದಲ್ಲಿ ಶೆಡ್ ಹಾಕಿ ಕುರಿ ಸಾಕುತ್ತಾರೆ. ಮಾಲೂರಿನ ವ್ಯಾಪಾರಿ ಮೊದಲೆಲ್ಲ ಬಂದು, ಕುರಿಯ ಬೆನ್ನು ಒತ್ತಿ, ಎತ್ತಿ ನೋಡಿ, ಬಾಯಿಗೆ ಬಂದ ತೂಕ ಹೇಳುತ್ತಿದ್ದ. ತೂಕ ಫೋನಿನಲ್ಲೇ ಕಾಣಿಸಿದರೆ ಸೀದಾ ಗಾಡಿ ಕಳಿಸುತ್ತೇನೆ ಎಂದು ಅವನೇ ಹೇಳಿದ ಮೇಲೆ ಭಾವ ತೂಕದ ಮಿಷನ್ನು ತಂದರು. ಕಬ್ಬಿಣದ ಹಲಗೆ, ಅದರ ಸುತ್ತ ಕಂಬಿಯ ಬೋನು, ಮೇಲೆ ಅಂಕಿ ತೋರಿಸುವ ಡಬ್ಬಿ.

ಮನೆಯ ವೈಫೈ ಶೆಡ್ಡಿನವರೆಗೆ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಇಡಬೇಕು, ಅದಕ್ಕೆ ಕರೆಂಟು ಬೇಕು. ಭಾವ ಪಂಪ್‌ಸೆಟ್ಟಿನ ಮನೆಯಿಂದ ವೈರು ಎಳೆದಿದ್ದರು. ಅದು ಸಾಲದೆ ಇನ್ನೊಂದು ತುಂಡು ಸೇರಿಸಿ, ಟೇಪು ಸುತ್ತಿ, ಬೋನಿನ ಅಡಿಯಿಂದ ಹಾಯಿಸಿ ಕಂಬಕ್ಕೆ ಕಟ್ಟಿದ್ದರು. ಆ ಭಾನುವಾರ ನಾನು ಕೋಲಾರದಿಂದ ಹೋಗಿದ್ದು ಮಿಷನ್ನನ್ನು ವೈಫೈಗೆ ಸೇರಿಸಿಕೊಡಲು.

ಪಾಸ್‌ವರ್ಡ್ ತಪ್ಪಿ, ಮತ್ತೆ ಹಾಕಿ, ಕೊನೆಗೆ ಫೋನಿನಲ್ಲಿ ಅಂಕಿ ಮೂಡಿತು.

"ಸೊನ್ನೆ ಬಂತು ಭಾವ," ಅಂದೆ.

"ಸೊನ್ನೆ ತರಿಸೋಕೆ ಬಿಎಸ್ಸಿ ಓದಿದ್ದಾ ನೀನು?" ಎಂದು ಭಾವ ನಕ್ಕರು.

ಹೊಸ ಮಿಷನ್ನಿಗೆ ಪೂಜೆಯಾಗಬೇಕೆಂದು ಅಕ್ಕ ಬೋನಿನ ಸುತ್ತ ನೀರು ಹಾಕಿ ರಂಗೋಲಿ ಬಿಟ್ಟಿದ್ದಳು. ಅವಳು ಅರಿಶಿನ, ಕುಂಕುಮ ತರುವುದರೊಳಗೆ ಭಾವ ಒಂದು ಕುರಿಯನ್ನು ಹಲಗೆಯ ಕಡೆ ತಳ್ಳಿದರು. ಮುಂಗಾಲು ತಾಗಿದ್ದೇ ತಡ, ಅದು ಹಿಂದಕ್ಕೆ ಹಾರಿ ಮಂಡಿಯೂರಿತು.

"ಹೊಸದಲ್ವಾ, ಬೆದರ್ತದೆ," ಎಂದು ಭಾವ ಮತ್ತೆ ತಳ್ಳಿದರು. ಅವರ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ ಇತ್ತು. ಕುರಿ ಮತ್ತೆ ಹಾರಿ ಬಿತ್ತು.

"ಪೂಜೆ ಮಾಡ್ದೆ ಹತ್ತಿಸಿದ್ರೆ ಅದೇನು ಹತ್ತೀತು? ನಿಮಗಿಲ್ದಿರೋ ಬುದ್ಧಿ ಕುರಿಗಾದ್ರೂ ಐತೆ ಬಿಡ್ರಿ," ಎನ್ನುತ್ತಾ ಅಕ್ಕ ತಟ್ಟೆ ಹಿಡಿದು ಬಂದಳು. ಪೂಜೆಗೆಂದು ಚಪ್ಪಲಿ ಬಿಟ್ಟಳು. ಒದ್ದೆ ನೆಲದ ಮೇಲೆ ಬರಿಗಾಲು. ಅರಿಶಿನ ಕಲಸಿದ ಒದ್ದೆ ಬೆರಳು ಕಂಬಿಯ ಕಡೆ ಚಾಚಿತು.

ನಾನು ಕುರಿಯನ್ನೇ ನೋಡುತ್ತಿದ್ದೆ. ಬಿದ್ದಲ್ಲೇ ಅದರ ಮುಂಗಾಲು ಅದುರುತ್ತಿತ್ತು. ಬೆದರಿದ ಪ್ರಾಣಿಯ ನಡುಕ ಹಾಗಿರುವುದಿಲ್ಲ. ಅಷ್ಟು ಹೊಳೆಯುವುದರೊಳಗೆ ಅಕ್ಕನ ಸೆರಗು ನನ್ನ ಮುಷ್ಟಿಯಲ್ಲಿತ್ತು. ಎಳೆದ ರಭಸಕ್ಕೆ ಇಬ್ಬರೂ ಬಿದ್ದೆವು.

"ಏನೇ ನಿಂಗೆ ಬಂದಿರೋದು? ಕುಂಕುಮ ಎಲ್ಲಾ ಚೆಲ್ತು ನೋಡು."

"ಕರೆಂಟು," ಎಂದೆ.

ಭಾವ ಜೇಬಿನಿಂದ ಟೆಸ್ಟರ್ ತೆಗೆದು ಕಂಬಿಗೆ ಮುಟ್ಟಿಸಿದರು. ಅದರೊಳಗಿನ ಪುಟ್ಟ ದೀಪ ಹತ್ತಿತು. ಅವರು ದೀಪ ನೋಡಿದರು, ಅಕ್ಕನ ಪಾದ ನೋಡಿದರು. ಹೋಗಿ ಪಂಪ್‌ಸೆಟ್ಟಿನ ಮನೆಯಲ್ಲಿ ಸ್ವಿಚ್ ಆರಿಸಿ ಬಂದರು. ಬೋನು ಎತ್ತಿದಾಗ, ಜೋಡಿಸಿದ ಜಾಗದಲ್ಲಿ ಟೇಪು ಹರಿದು ತಾಮ್ರದ ತಂತಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು.

"ಕಾಫಿ ಮಾಡ್ತೀನಿ," ಎಂದಳು ಅಕ್ಕ. ಆದರೆ ಬಹಳ ಹೊತ್ತು ಮೇಲೇಳಲಿಲ್ಲ.

ಆಮೇಲೆ ಶ್ರೀನಿವಾಸಪುರದಿಂದ ಎಲೆಕ್ಟ್ರಿಷಿಯನ್ ಬಂದು, ಹೊಸ ವೈರನ್ನು ಪೈಪಿನೊಳಗೆ ಹಾಕಿ ಮೇಲಿನಿಂದ ತಂದು, ಅರ್ಥಿಂಗ್ ಮಾಡಿಕೊಟ್ಟ. ಈಗ ಎಲ್ಲ ಸರಿಯಿದೆ. ಬೆಳಗ್ಗೆ ಅಕ್ಕ ಕುರಿಗಳನ್ನು ಒಂದೊಂದಾಗಿ ಹತ್ತಿಸುತ್ತಾಳೆ, ತೂಕ ವ್ಯಾಪಾರಿಯ ಫೋನಿಗೆ ಹೋಗುತ್ತದೆ. ಅಂದು ನನ್ನ ಫೋನಿಗೆ ಹಾಕಿಕೊಂಡ ಮಿಷನ್ನಿನ ಆ್ಯಪನ್ನು ನಾನು ತೆಗೆದಿಲ್ಲ. ಅಂಕಿಗಳು ಬರತೊಡಗಿದರೆ ಅಕ್ಕ ಅಲ್ಲಿ ನಿಂತಿದ್ದಾಳೆ ಎಂದು ಅರ್ಥ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಿರುವಾಗ ಕಣ್ಣೆದುರು ಅಕ್ಕನ ಆ ಬೆರಳು ಮತ್ತೆ ಕಂಬಿಯ ಕಡೆ ಚಾಚುತ್ತದೆ. ಕೆಲವು ಸಲ ನನ್ನ ಕೈ ಮೊದಲು ತಲುಪುತ್ತದೆ. ಕೆಲವು ಸಲ ಇಲ್ಲ.

ನಿನ್ನೆ ಅಂಕಿ ಬರುವುದು ತಡವಾಯಿತು. ಫೋನ್ ಮಾಡಿದೆ.

"ವ್ಯಾಪಾರಿಗಿಲ್ದಿರೋ ಅವಸರ ನಿಂಗ್ಯಾಕೇ? ಅವತ್ತಿನ ಕುರಿ ಇನ್ನೂ ಹತ್ತಲ್ಲ ಅಂತದೆ. ನಿಮ್ಮ ಭಾವ ಸೊಪ್ಪು ಹಿಡ್ಕೊಂಡು ಬೇಡ್ಕೊಂತಾ ಕೂತವ್ರೆ."

"ನಿಧಾನಕ್ಕೆ ಹತ್ತಲಿ ಬಿಡು."

"ಸರಿ, ಇಡ್ಲಾ?"

"ಇಡ್ಬೇಡ ಅಕ್ಕ," ಎಂದೆ. "ಏನಾದ್ರೂ ಮಾತಾಡ್ತಿರು."