ಕನ್ನಂಬಾಡಿಗೆ ಹೊರಟ ಭಾನುವಾರ

ಚಾಮರಾಜಪುರದ ದೊರೆಸ್ವಾಮಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ಮದುವೆಯಾದಂದಿನಿಂದ ಹೆಂಡತಿ ಚಂದ್ರಮತಿಯನ್ನು ದೇವಸ್ಥಾನ ಬಿಟ್ಟು ಬೇರೆಲ್ಲಿಗೂ ಕರೆದೊಯ್ದವರಲ್ಲ. ಅಂಥವರು ೧೯೫೧ರ ಚಳಿಗಾಲದ ಒಂದು ಸಂಜೆ ಇದ್ದಕ್ಕಿದ್ದಂತೆ, “ಈ ಭಾನುವಾರ ಎಲ್ಲರೂ ಕನ್ನಂಬಾಡಿಗೆ ಹೋಗೋಣ. ಮಕ್ಕಳು ಬೃಂದಾವನದ ಬಣ್ಣದ ಕಾರಂಜಿ ನೋಡ್ಲಿ,” ಎಂದರು.

ಮಕ್ಕಳು ಕುಣಿದಾಡಿದರು. ಚಂದ್ರಮತಿಗೆ ಮಾತ್ರ ಎದೆಯಲ್ಲಿ ಏನೋ ಅಳುಕು. ಗಂಡನ ಕೆಮ್ಮು ಎಷ್ಟೋ ದಿನದಿಂದ ನಿಂತಿರಲಿಲ್ಲ. ತಮ್ಮ ಹಾಸಿಗೆಯನ್ನೂ ಅವರು ಹಜಾರಕ್ಕೆ ಒಯ್ದಿದ್ದರು.

“ಪುಳಿಯೋಗರೆ, ಮೊಸರನ್ನ ಕಟ್ಕೊಳ್ತೀನಿ. ಸಾಕೇನ್ರೀ?”

“ಸಾಕು. ನನ್ನದು ಬೇರೆ ಡಬ್ಬಿಗೆ ಹಾಕ್ಬಿಡು. ಲೋಟಾನೂ ಬೇರೆ ಇಟ್ಕೋ.”

“ಡಾಕ್ಟರು ಏನಂದ್ರು?”

“ಸೋಮವಾರ ಕ್ಷಯದ ಆಸ್ಪತ್ರೆಗೆ ಸೇರ್ಕೋಬೇಕಂತೆ. ಎಷ್ಟು ದಿನ ಅಂತ ಅವರೂ ಹೇಳ್ಲಿಲ್ಲ ಕಣೆ. ಮಕ್ಕಳಿಗೆ ಈಗಲೇ ಹೇಳ್ಬೇಡ.”

ಭಾನುವಾರ ಎಲ್ಲರೂ ಹೋದರು. ಕತ್ತಲಾಗುತ್ತಲೇ ಕಾರಂಜಿಗಳು ಕೆಂಪಗೆ ಚಿಮ್ಮಿದವು. ದೂರದ ಕಲ್ಲುಬೆಂಚಿನಲ್ಲಿ ಒಬ್ಬರೇ ಕೂತಿದ್ದ ಅಪ್ಪನ ಕಡೆಗೆ ಕಿರಿಯ ಮಗಳು ಓಡಿದಳು. ದೊರೆಸ್ವಾಮಿ ಎದ್ದು ಹಿಂದೆ ಸರಿದರು. ಅದೂ ಆಟವೆಂದುಕೊಂಡು ಅವಳು ನಗುತ್ತ ಬೆನ್ನಟ್ಟಿದಳು. ಅವರು ಬಾಯಿಗೆ ಟವೆಲು ಒತ್ತಿಕೊಂಡು ಇನ್ನಷ್ಟು ಹಿಂದಕ್ಕೆ ಹೋದರು. ಕೊನೆಗೆ ಚಂದ್ರಮತಿ ಓಡಿಬಂದು ಮಗುವನ್ನು ಎತ್ತಿಕೊಂಡಳು.