ಮರಿ ಪಾದ್ರಿಯ ಒಂದು ನಿಮಿಷ

ಪಾದ್ರಿಯಾಗಲು ಕಲಿಯುತ್ತಿದ್ದ ಆ ಪರದೇಶದ ಹುಡುಗ ಎಪ್ಪತ್ತರ ದಶಕದಲ್ಲಿ ನಮ್ಮೂರು ಜಗಳೂರಿನಲ್ಲಿದ್ದ. ಎಲ್ಲರ ಬಾಯಲ್ಲೂ ಮರಿ ಪಾದ್ರಿ. ಬೆಳಗಿನ ಕುರಿಮಂದೆಯ ಧೂಳಿನೊಳಗಿಂದ ಅವನ ಬಿಳಿ ಅಂಗಿ ತೇಲಿ ಬರುತ್ತಿದ್ದುದು ಈಗಲೂ ಕನಸಿನಲ್ಲಿ ಕಾಣುತ್ತದೆ.

ಕನ್ನಡ ಕಲಿಯಲು ನಮ್ಮಜ್ಜಿಯ ಒಲೆಯ ಮುಂದೆ ಕೂರುತ್ತಿದ್ದ. ತಟ್ಟೆಗೆ ರೊಟ್ಟಿ ಹಾಕಿದೊಡನೆ, “ಒಂದು ನಿಮಿಷ ರೀ ಅಜ್ಜಿ” ಎಂದು ಕಣ್ಣು ಮುಚ್ಚುತ್ತಿದ್ದ. ಉಣ್ಣುವ ಮುಂಚಿನ ಪ್ರಾರ್ಥನೆ; ತುಟಿ ಮಾತ್ರ ಅಲುಗುತ್ತಿತ್ತು.

“ಆರಿ ಹೋಗ್ತೈತಪ್ಪ, ಬೇಗ ಮುಗ್ಸು” ಎಂದು ಅಜ್ಜಿ ಗೊಣಗುತ್ತಲೇ ಕಾಯುತ್ತಿದ್ದಳು.

ತನ್ನ ತಾಯಿ ತೀರಿಹೋದಳೆಂಬ ತಂತಿ ಬಂದ ಮರುದಿನವೂ ಅವನು ಬಂದು ಕೂತ. ಅಜ್ಜಿ ರೊಟ್ಟಿ ಹಾಕಿ ಕಾದಳು. ಅವನು ಕಣ್ಣು ಮುಚ್ಚದೆ ಬೆಂಕಿಯನ್ನೇ ನೋಡುತ್ತಿದ್ದ.

“ಇವತ್ತು ಆಗ್ತಿಲ್ಲ ರೀ ಅಜ್ಜಿ.”

“ನೀ ತಿನ್ನಪ್ಪ. ಇವತ್ತು ನಾ ಕಣ್ಣು ಮುಚ್ಕಂತೀನಿ.”

ವಿಭೂತಿಯ ಹಣೆಯ ಅಜ್ಜಿ ಕಣ್ಣು ಮುಚ್ಚಿದಳು. ಅವಳ ತುಟಿ ಅಲುಗತೊಡಗಿತು.