ಬುಟ್ಟಿಯೊಳಗಿಟ್ಟ ಹನ್ನೊಂದು ಪುಟ

ಕಾವ್ಯಾ, ಮಾದೇಶಾ, ಬೇಸಿಗೆ ರಜೆಗೆ ಪಣಕಹಳ್ಳಿಗೆ ಬಂದಾಗ ತಾತನ ವಿಷಯ ಬರೆದುಕೊಡು ಅಜ್ಜಿ ಎಂದು ಕೇಳಿದಿರಲ್ಲ, ಅದು ಇಷ್ಟು ತಡವಾದದ್ದು ಯಾಕೆಂದು ಮೊದಲು ಹೇಳಿಬಿಡುತ್ತೇನೆ. ತಪ್ಪಿನಲ್ಲಿ ಅರ್ಧ ನನ್ನದು, ಇನ್ನರ್ಧ ನಡುಮನೆಯ ಮೂಲೆಯಲ್ಲಿ ಕೂತಿರುವ ಕಂಪ್ಯೂಟರಿನದು.

ನನ್ನ ಸೊಸೆ, ಅಂದರೆ ನಿಮ್ಮ ರತ್ನತ್ತೆ, ತಾಳವಾಡಿಯ ತನ್ನ ಜೆರಾಕ್ಸ್ ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಮನೆಗೆ ತಂದಿಟ್ಟಳು. ಊರವರ ಪಟ್ಟಾ, ಸಿಟ್ಟಾ ಎಂಬ ಜಮೀನಿನ ಕಾಗದಗಳು, ಅರ್ಜಿಗಳು ಎಲ್ಲವನ್ನೂ ಹೊತ್ತು ಸುಸ್ತಾದ ಯಂತ್ರ ಅದು. ಒಂದು ಬೆರಳಿನಲ್ಲಿ ಕನ್ನಡ ಒತ್ತುವುದನ್ನು ಅವಳೇ ನನಗೆ ಕಲಿಸಿದಳು. ನಿಮ್ಮ ತಾತನ ವಿಷಯವನ್ನು ಹಾಳೆಯ ಮೇಲೆ ಬರೆದರೆ ಯಾರಾದರೂ ಎತ್ತಿ ಓದಿಯಾರು ಎಂದು ನನಗೆ ನಾಚಿಕೆ. ಇದರಲ್ಲಾದರೆ ಬರೆದು ಮುಚ್ಚಿದರೆ ಒಂದಕ್ಷರವೂ ಹೊರಗೆ ಕಾಣುವುದಿಲ್ಲ.

ಆದರೆ ಅದರ ಸ್ವಭಾವ ಬಹಳ ಕಷ್ಟ. ಗುಂಡಿ ಒತ್ತಿದರೆ ತಟ್ಟನೆ ಏಳುವುದಿಲ್ಲ, ಬಳೆಯಂಥದ್ದೊಂದು ಗಿರಗಿರ ಸುತ್ತುತ್ತದೆ. ರಾಗಿಕಲ್ಲು ಅಷ್ಟು ಸುತ್ತಿದ್ದರೆ ಮನೆಮಂದಿಗೆಲ್ಲ ಮುದ್ದೆಯಾಗುವಷ್ಟು ಹಿಟ್ಟು ಬೀಳುತ್ತಿತ್ತು. ನಾನು ಎಮ್ಮೆಗೆ ನೀರಿಟ್ಟು ಬಂದರೂ ಸುತ್ತುತ್ತಲೇ ಇರುತ್ತದೆ. ಕೆಲವು ದಿನ ಅದಕ್ಕೆ ಏನೋ ಹೊಸದನ್ನು ತುಂಬಿಕೊಳ್ಳುವ ಹುಕಿ. ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಅಪ್ಪಣೆ ಮಾಡಿ ಕೂರುತ್ತದೆ. ನಾನೆಲ್ಲಿ ಆರಿಸುತ್ತೇನೆ? ಕರೆಂಟೇ ಹೋಗುತ್ತದೆ. ಬಂದ ಮೇಲೆ, ನನ್ನನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ನನಗೇ ದೂರು. ಇನ್ನು ಏನು ಮಾಡಹೋದರೂ 'ಖಂಡಿತವೇ?' ಎಂದು ಕೇಳುತ್ತದೆ. ಆ ಮಾತಿನ ಅರ್ಥವನ್ನು ರತ್ನ ಹೇಳಿದಾಗ ನನಗೆ ನಗು ಬಂತು. ತಾಳಮಲೆಯಿಂದ ನನ್ನನ್ನು ಈ ಮನೆಗೆ ಕೊಡುವಾಗ ಒಬ್ಬರೂ ಕೇಳದ ಪ್ರಶ್ನೆಯನ್ನು ಈ ಡಬ್ಬಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು.

ಹೀಗೆ ಏಗುತ್ತಲೇ ಒಂದು ತಿಂಗಳಲ್ಲಿ ಹನ್ನೊಂದು ಪುಟ ಮಾಡಿದೆ. ಎಲ್ಲಿ ಬಚ್ಚಿಡುವುದು? ನಮ್ಮಲ್ಲಿ ಬಿತ್ತನೆಯ ಅವರೆಕಾಳನ್ನು ಬೂದಿಯಲ್ಲಿ ಕಲಸಿ, ಸಗಣಿ ಸಾರಿಸಿದ ಕುಕ್ಕೆಗೆ ತುಂಬಿ ಅಟ್ಟದ ಮೇಲಿಡುತ್ತೇವೆ. ಹುಳ ಮುಟ್ಟುವುದಿಲ್ಲ, ಮನುಷ್ಯರೂ ಬರೀ ಬೂದಿಯೆಂದು ಸುಮ್ಮನಾಗುತ್ತಾರೆ. ಕಂಪ್ಯೂಟರಿನ ಪರದೆಯ ಮೂಲೆಯಲ್ಲೂ ಅಂಥದೊಂದು ಬುಟ್ಟಿಯ ಚಿತ್ರವಿತ್ತು, ಅದರ ಕೆಳಗಿನ ಇಂಗ್ಲಿಷ್ ನನಗೆ ಬಾರದು. ದಿನವೂ ಪುಟಗಳನ್ನು ಅದರಿಂದ ಹೊರಗೆಳೆದು, ಬರೆದು, ಮತ್ತೆ ಒಳಗೆ ಹಾಕುತ್ತಿದ್ದೆ. ಖಂಡಿತವೇ ಎಂದು ಕೇಳುತ್ತಿತ್ತು. ಖಂಡಿತ ಎಂದು ಒತ್ತುತ್ತಿದ್ದೆ.

ಹೋದ ಭಾನುವಾರ ರತ್ನ ಕಂಪ್ಯೂಟರಿನ ಮುಂದಿನಿಂದ ಎದ್ದು ಕೈ ಕೊಡವಿಕೊಂಡು ಬಂದಳು.

"ಅದ್ಯಾಕತ್ತೆ ಇಷ್ಟು ನಿಧಾನ ಅಂತ ನೋಡುದ್ರೆ, ಕಸದ ಬುಟ್ಟಿ ತುಂಬೋಗದೆ! ಎಲ್ಲಾನೂ ಚೊಕ್ಕ ಮಾಡ್ಬುಟ್ಟೆ."

"ಯಾವ ಬುಟ್ಟಿ?" ಎಂದೆ.

ತೋರಿಸಿದಳು. ನಾನು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಯನ್ನು ಇನ್ನೊಂದು ಸಲ ತೊಳೆದೆ. ನಿಮ್ಮ ತಾತ ಎರಡನೇ ಸಲ ಹೋದಂತಾಗಿತ್ತು. ಹೇಳೋಣವೆಂದರೆ ಒಳಗೇನಿತ್ತು ಎಂದು ಕೇಳುತ್ತಾಳೆ. ಹೇಳದಿದ್ದರೆ ನಿಮಗೆ ಕೊಡಲು ನನ್ನಲ್ಲಿ ಏನೂ ಉಳಿದಿಲ್ಲ. ಕೊನೆಗೆ ಪಾತ್ರೆಯ ಕಡೆಗೇ ಮುಖ ಮಾಡಿ ಹೇಳಿದೆ. ರತ್ನ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅತ್ತೆ, ಕಸದ ಬುಟ್ಟೀಲಿ ಮಾವನ್ನ ಮಡಗಿದ್ರಾ?" ಆಮೇಲೆ ನನ್ನ ಮುಖ ನೋಡಿ, ಹೋಗಿ ಮತ್ತೆ ಕಂಪ್ಯೂಟರ್ ಹಚ್ಚಿದಳು. ಪುಟಗಳನ್ನು ವಾಪಸ್ಸು ತರಲು ಮಧ್ಯಾಹ್ನವೆಲ್ಲ ಒದ್ದಾಡಿದಳು, ಸಿಗಲಿಲ್ಲ. ಕಡೆಗೆ ಒಂದು ನೋಟುಬುಕ್ಕು ತಂದು ಪಕ್ಕದಲ್ಲಿ ಕೂತಳು.

"ಅದ್ರೊಳ್ಗೆ ಏನಿತ್ತೋ ಅದ್ನೇ ನಂಗೇಳಿ. ನಾನು ಬರ್ಕತೀನಿ."

"ನಗಬ್ಯಾಡ ಮತ್ತೆ."

"ನಗು ಬಂದ್ರೆ ನಗ್ತೀನಿ ಕಣತ್ತೆ, ನಾನೇನು ಕಂಪ್ಯೂಟ್ರಾ?"

ಗೋಡೆ ನೋಡುತ್ತಾ ಹೇಳಿದೆ. ಮದುವೆಯಾಗಿ ಒಂದು ತಿಂಗಳು ನಾನು ನಿಮ್ಮ ತಾತನ ಜೊತೆ ಒಂದು ಮಾತೂ ಆಡಿರಲಿಲ್ಲ. ಒಂದು ದಿನ ಅವರು ಸತ್ಯಮಂಗಲಕ್ಕೆ ಹೋಗಿ ಬರುವಾಗ ಬಸ್ಸು ದಿಂಬಂನಲ್ಲಿ ನಿಂತಾಗ, ಟೀ ಅಂಗಡಿಯಲ್ಲಿ ನಾಲ್ಕು ಬೋಂಡ ಕಟ್ಟಿಸಿಕೊಂಡು, ಅವರಮ್ಮನಿಗೆ ಕಾಣದಂತೆ ಅಂಗಿಯೊಳಗೆ ಇಟ್ಟುಕೊಂಡು, ಕೊಟ್ಟಿಗೆಯ ಹಿಂದೆ ನನ್ನ ಕೈಗಿಟ್ಟರು. ಅಂಗಿಗೆಲ್ಲ ಎಣ್ಣೆ. ಒಂದನ್ನು ಕಚ್ಚಿ ನಾನು ಗಂಡನ ಜೊತೆ ಆಡಿದ ಮೊಟ್ಟಮೊದಲ ಮಾತು, "ಉಪ್ಪು ಕಮ್ಮಿ."

ಇದನ್ನೇ ಕಂಪ್ಯೂಟರಿನಲ್ಲಿ ಒತ್ತಿದ ದಿನ ಅದು ಪಿಟ್ಟೆನ್ನಲಿಲ್ಲ. ರತ್ನ ಪೆನ್ನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ನಗುವುದನ್ನು ನೋಡಿ, ಅವರು ಹೋದ ಮೇಲೆ ಮೊದಲ ಸಲ ನಾನೂ ಅವರನ್ನು ನೆನೆದು ನಕ್ಕೆ. ಆಮೇಲೆ ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಹನ್ನೊಂದು ಪುಟ ಇದ್ದದ್ದು ಇಪ್ಪತ್ತಾಯಿತು. ಈ ಕಾಗದವೊಂದನ್ನು ಮಾತ್ರ ನಾನೇ ಕೈಯಾರೆ ಬರೆದು, ಆ ಪುಟಗಳ ಮೇಲಿಟ್ಟಿದ್ದೇನೆ.

ಜೋಪಾನವಾಗಿಟ್ಟುಕೊಳ್ಳಿ, ಮಕ್ಕಳೇ. ಯಾರಾದರೂ ಎತ್ತಿ ಓದಿದರೆ ಓದಲಿ.